ಮೂವತ್ತೆಂಟು ಮೂವತ್ತೆಂಟಾಗಿಯೇ ಇರಲಿ

ಕಲ್ಯಾಣ್ ನಿಲ್ದಾಣದಲ್ಲಿ ಒಂದನೇ ಪ್ಲಾಟ್‌ಫಾರ್ಮ್ ಇದೆ, ಎರಡನೆಯದೂ ಇದೆ. ಇವೆರಡು ಸಾಲದೆಂದು 1ಎ ಅಂತ ಇನ್ನೊಂದಿದೆ. ಥಾಣೆಗೆ ಬಂದರೆ ಹತ್ತರ ಜೊತೆಗೆ 10ಎ. ವಾಶಿಯಲ್ಲಿ ಸೆಕ್ಟರ್ 16ರ ಬೆನ್ನಿಗೆ 16ಎ, ಮಾಲ್ ಹುಡುಕಿಕೊಂಡು ಹೋದರೆ 30ಎ. ನವಿ ಮುಂಬಯಿ ಕಟ್ಟಲೆಂದೇ 1970ರಲ್ಲಿ ಹುಟ್ಟಿದ ಸಿಡ್ಕೊ ಮೊದಲು ನಕಾಶೆ ಬರೆದು ಆಮೇಲೆ ಎಬ್ಬಿಸಿದ ನಗರದ ಗತಿಯೇ ಹೀಗಿರುವಾಗ, ಯಾರನ್ನೂ ಕೇಳದೆ ಬೆಳೆದ ನಮ್ಮ ಡೊಂಬಿವಲಿಯನ್ನು ಬೈದೇನು ಪ್ರಯೋಜನ? ನಡುವೆ ಹೊಸದೊಂದು ತೂರಿಕೊಂಡರೆ ಈ ಕಡೆಯವರು ಗಾಬರಿಯಾಗುವುದಿಲ್ಲ. ಲೋಕಲ್‌ನಲ್ಲಿ ಮೂವರ ಸೀಟಿಗೆ ನಾಲ್ಕನೆಯವನು ಬಂದು ಅರ್ಧ ಒರಗಿ ಕೂರುತ್ತಾನಲ್ಲ, ಅವನು 3ಎ. ಮೊದಲ ಮೂವರು ತಮ್ಮ ನಂಬರ್ ಬದಲಿಸಿಕೊಳ್ಳುವುದಿಲ್ಲ, ಸ್ವಲ್ಪ ಸರಿಯುತ್ತಾರೆ ಅಷ್ಟೆ.

ಈ ಸಹನೆ ಇಲ್ಲದಿರುವುದು ಮೈಕ್ರೋಸಾಫ್ಟ್ ವರ್ಡ್‌ಗೆ.

ನಮ್ಮ ಹೌಸಿಂಗ್ ಸೊಸೈಟಿಯ ಬೈಲಾ ತಿದ್ದುಪಡಿಯ ಟೈಪಿಂಗ್ ಕೆಲಸ ನನ್ನ ತಲೆಗೆ ಬಂತು. ದಕ್ಷಿಣದವರು ಹುಟ್ಟುವಾಗಲೇ ಟೈಪಿಂಗ್ ಕಲಿತಿರುತ್ತಾರೆ ಎಂಬುದು ನಮ್ಮ ಕಟ್ಟಡದ ಹಳೆಯ ನಂಬಿಕೆ. ಕೈಗೆ ಸಿಕ್ಕ ಫೈಲಿನಲ್ಲಿ ಹಿಂದಿನ ಪುಣ್ಯಾತ್ಮರು ಪ್ರತಿಯೊಂದು ಸಂಖ್ಯೆಯನ್ನೂ ಕೈಯಾರೆ ಕುಟ್ಟಿ, ಒಳಗಿನ ಕಲಮುಗಳನ್ನು ಸ್ಪೇಸ್ ಬಾರ್ ಒತ್ತಿ ಒತ್ತಿ ಒಳಕ್ಕೆ ತಳ್ಳಿದ್ದರು. ಒಂದಕ್ಷರ ಸೇರಿಸಿದರೆ ಇಡೀ ಪುಟ ವಾಲುತ್ತಿತ್ತು.

ಇದಕ್ಕೆ ಮದ್ದು ಮಲ್ಟಿಲೆವೆಲ್ ಲಿಸ್ಟ್. ವರ್ಡ್ ಒಂಬತ್ತು ಮಟ್ಟ ಕೊಡುತ್ತದೆ. ಕಲಮಿನ ಆರಂಭದಲ್ಲಿ ಟ್ಯಾಬ್ ಒತ್ತಿದರೆ ಅದಕ್ಕೆ ಹಿಂಬಡ್ತಿ, ಶಿಫ್ಟ್ ಟ್ಯಾಬ್ ಒತ್ತಿದರೆ ಬಡ್ತಿ. ಸರ್ಕಾರಿ ನೌಕರಿಯಲ್ಲಿ ಇಷ್ಟು ಸಲೀಸಿಲ್ಲ. ಆದರೆ ನಿಜವಾದ ಗುಟ್ಟು ಇರುವುದು ‘ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್’ ಪೆಟ್ಟಿಗೆಯ ಮೂಲೆಯಲ್ಲಿ, ‘ಮೋರ್’ ಎಂಬ ಗುಂಡಿಯ ಹಿಂದೆ. ಅದನ್ನು ಒತ್ತದವನಿಗೆ ಮೋಕ್ಷವಿಲ್ಲ. ಒತ್ತಿದರೆ ಮೊದಲ ಮಟ್ಟವನ್ನು ಹೆಡಿಂಗ್ 1ಕ್ಕೆ, ಎರಡನೆಯದನ್ನು ಹೆಡಿಂಗ್ 2ಕ್ಕೆ ಗಂಟು ಹಾಕುವ ಜಾಗ ಸಿಗುತ್ತದೆ. ಗಂಟು ಹಾಕದೆ ಹೋದರೆ ನಡುವೆ ಒಂದು ಕೋಷ್ಟಕ ಬಂದದ್ದೇ ನೆಪವಾಗಿ ಐದನೇ ಕಲಮಿನ ನಂತರ ಮತ್ತೆ ಒಂದನೇ ಕಲಮು ಹಾಜರಾದೀತು.

ಕನ್ನಡ ಸಂಘದ ನಿಯಮಾವಳಿಯ ಪಾಡು ಬೇರೆ. ಅದು ಹಳೆಯ ನುಡಿ ಫಾಂಟಿನ ಕಾಲದ್ದು. ವರ್ಡ್ ತಾನಾಗಿ ಹಾಕುವ ಸಂಖ್ಯೆ ಪ್ಯಾರಾದ ಕೊನೆಯ ಗುರುತಿನ ಫಾಂಟನ್ನೇ ಉಡುತ್ತದೆ. ಆ ಫಾಂಟಿನಲ್ಲಿ ಇಂಗ್ಲಿಷಿನ ಎ ‘ಚಿ’ ಆಗುತ್ತದೆ, ಸಿ ‘ಛಿ’ ಆಗುತ್ತದೆ. ಹೀಗಾಗಿ ಪದಾಧಿಕಾರಿಗಳ ಆಯ್ಕೆಯ ಕಲಮಿನಲ್ಲಿ ಮೊದಲ ಉಪಕಲಮು ‘ಚಿ’, ಮೂರನೆಯದು ‘ಛಿ’. ವಾರ್ಷಿಕ ಸಭೆಗಳಲ್ಲಿ ಕೂತು ಅಭ್ಯಾಸವಿರುವವರಿಗೆ ಅದು ಮುದ್ರಣದೋಷ ಅನ್ನಿಸಲೇ ಇಲ್ಲ.

ಸೊಸೈಟಿಗೆ ಮರಳೋಣ. ಎಲ್ಲ ಗಂಟು ಬಿಗಿದು, ಹೊಸ ಕಲಮೊಂದನ್ನು ನಡುವೆ ಇಟ್ಟೆ. ಮುಂದಿನ ಎಲ್ಲವೂ ಕವಾಯತಿನಂತೆ ಒಂದೊಂದು ಹೆಜ್ಜೆ ಮುಂದಕ್ಕೆ ಹೋದವು. ಮೂವತ್ತೆಂಟು ಮೂವತ್ತೊಂಬತ್ತಾಯಿತು. ಸಭೆಯಲ್ಲಿ ರಣರಂಗವೂ ಆಯಿತು.

ಮಹಾರಾಷ್ಟ್ರದ ಮಾದರಿ ಬೈಲಾದಲ್ಲಿ 38 ಎಂದರೆ ಷೇರು, ಫ್ಲ್ಯಾಟು ವರ್ಗಾವಣೆ. ಅದರೊಳಗೆ ಇ, ಇ ಒಳಗೆ ರೋಮನ್ ಒಂಬತ್ತು: ಫ್ಲ್ಯಾಟ್ ಮಾರಿದಾಗ ಸೊಸೈಟಿ ಕೇಳಬಹುದಾದ ಪ್ರೀಮಿಯಂ. ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಗರಿಷ್ಠ 25,000 ರೂಪಾಯಿ. ನಿವೃತ್ತ ಹಿರಿಯರೊಬ್ಬರು ‘ಅಡತೀಸ್ ಇ ನಊ’ ಎಂದು ಮಂತ್ರದ ಹಾಗೆ ಹೇಳುತ್ತ ಬಂದ ಬಂದ ಕಮಿಟಿಗಳನ್ನೆಲ್ಲ ಮಣಿಸಿದವರು. ಅವರ ಅಸ್ತ್ರದ ನಂಬರನ್ನೇ ನಾನು ಬದಲಿಸಿಬಿಟ್ಟಿದ್ದೆ. ‘ಹೊಸದು 37ಎ ಆಗಲಿ, ಮೂವತ್ತೆಂಟನ್ನು ಮುಟ್ಟಬೇಡಿ’ ಎಂದು ಅಪ್ಪಣೆಯಾಯಿತು.

ಅವರ ಮಾತು ಶುದ್ಧ ಕಾನೂನು. 1960ರ ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಹೌಸಿಂಗ್ ಸೊಸೈಟಿಗಳಿಗೆಂದೇ ಒಂದು ಅಧ್ಯಾಯ ಸೇರಿದಾಗ ಶಾಸನಸಭೆ ಮಾಡಿದ್ದೂ ಅದನ್ನೇ. 155ನ್ನು ಅಲುಗಿಸದೆ 154ಬಿ ಎಂದು ತೆರೆದು, ಅದರ ಬಾಲಕ್ಕೆ 154ಬಿ-1ರಿಂದ 154ಬಿ-31ರವರೆಗೆ ಕಟ್ಟಿತು. ಹಳೆಯ ತೀರ್ಪು, ನೋಟೀಸು, ವಕೀಲರ ನಾಲಗೆ ಎಲ್ಲವೂ ಹಳೆಯ ನಂಬರಿನಲ್ಲೇ ಉಳಿಯಬೇಕಲ್ಲ. ವರ್ಡ್‌ಗೆ ಮಾತ್ರ ತಾನಾಗಿ 37ಎ ಹಾಕುವ ಬುದ್ಧಿಯಿಲ್ಲ. ಅದನ್ನು ಕೈಯಲ್ಲೇ ಬರೆಯಬೇಕು. ಅಂದರೆ ಹಿಂದಿನ ಪುಣ್ಯಾತ್ಮರ ದಾರಿಗೇ ಬರಬೇಕು.

ವರ್ಡ್‌ನ ದಾರಿ ಹಿಡಿದದ್ದು ರೈಲ್ವೆ. ದಾದರಿನಲ್ಲಿ ಪಶ್ಚಿಮ ರೈಲ್ವೆಗೂ ಒಂದರಿಂದ ಎಣಿಕೆ, ಮಧ್ಯ ರೈಲ್ವೆಗೂ ಒಂದರಿಂದ ಎಣಿಕೆ ಇತ್ತು. ಹೊಸಬರು ಸರಿಯಾದ ನಂಬರಿನ ತಪ್ಪು ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲು ತಪ್ಪಿಸಿಕೊಳ್ಳುತ್ತಿದ್ದರು. 2023ರ ಡಿಸೆಂಬರ್ 9ರಂದು ‘ಕಂಟಿನ್ಯೂ ನಂಬರಿಂಗ್’ ಒತ್ತಲಾಯಿತು. ಪಶ್ಚಿಮದ ಒಂದರಿಂದ ಏಳು ಹಾಗೆಯೇ ಉಳಿದು, ಮಧ್ಯ ರೈಲ್ವೆಯ ಒಂದು ಎಂಟಾಯಿತು, ಎಣಿಕೆ ಹದಿನಾಲ್ಕಕ್ಕೆ ಮುಗಿಯಿತು. ಫಲಕಗಳು ಬದಲಾದವು. ಆದರೆ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಹಿಡಿಯುವ ನನ್ನ ಪಕ್ಕದ ಸೀಟಿನವರು ಈಗಲೂ ಹಳೆಯ ನಂಬರಿನಲ್ಲೇ ಇಳಿಯುತ್ತಾರೆ. ಹಳೆಯ ನಂಬರನ್ನು ಹೊಸದಾಗಿಸುವ ಎಫ್9 ಗುಂಡಿ ಮನುಷ್ಯರಿಗೆ ಇಲ್ಲ.

ಕಾಗದಕ್ಕಿದೆ. ‘ಕಲಮು 38 ಇ 9 ನೋಡಿ’ ಎಂದು ಕೈಯಲ್ಲಿ ಬರೆದರೆ ಅದು ಸತ್ತ ಅಕ್ಷರ. ಕ್ರಾಸ್ ರೆಫರೆನ್ಸ್ ಮೂಲಕ, ‘ಫುಲ್ ಕಾಂಟೆಕ್ಸ್ಟ್’ ಆರಿಸಿ ಹಾಕಿದರೆ ಮೇಲಿನ ಎಲ್ಲ ಮಟ್ಟಗಳೊಂದಿಗೆ ಸರಿಯಾದ ಸಂಖ್ಯೆ ಬರುತ್ತದೆ. ‘ನೋ ಕಾಂಟೆಕ್ಸ್ಟ್’ ಹಾಕಿದರೆ ಬರೀ ಒಂಬತ್ತು. ವಾಶಿಯಲ್ಲಿ ಸೆಕ್ಟರ್ ಹೇಳದೆ ಮನೆ ನಂಬರ್ ಮಾತ್ರ ಕೊಟ್ಟವನನ್ನು ಹುಡುಕಿದ ಹಾಗೆ.

ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಮುಗಿಸಬೇಕಾದ ಕಾರ್ಯದರ್ಶಿಗಳಲ್ಲಿ ಒಂದೇ ವಿನಂತಿ: ಮುದ್ರಣಕ್ಕೆ ಕೊಡುವ ಮುನ್ನ ಕಂಟ್ರೋಲ್ ಎ, ಆಮೇಲೆ ಎಫ್9 ಒತ್ತಿ, ದಪ್ಪಕ್ಷರದಲ್ಲಿ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂದು ಎಲ್ಲಾದರೂ ಎದ್ದಿದೆಯೇ ನೋಡಿಕೊಳ್ಳಿ. ಎದ್ದಿದ್ದರೆ ಸಭೆಯಲ್ಲಿ ಅದರ ಮೇಲೂ ಮತದಾನವಾಗುತ್ತದೆ.