ಬೆಂಕಿಯಿಲ್ಲದ ಒಲೆಯ ರೋಗನಿದಾನ: ಸೋನ್ಯಾಳ ಪಾಠ

ಹೊಗೆ ಇದ್ದಲ್ಲಿ ಬೆಂಕಿ ಇರಲೇಬೇಕೆಂಬುದಕ್ಕೆ ನಮ್ಮ ನೈಯಾಯಿಕರು ಕೊಡುತ್ತ ಬಂದ ದೃಷ್ಟಾಂತ ಅಡುಗೆಮನೆ. ಹದಿನೇಳನೆಯ ಶತಮಾನದಲ್ಲಿ ಅನ್ನಂಭಟ್ಟ ‘ತರ್ಕಸಂಗ್ರಹ’ ಬರೆದಾಗಲೂ ಅದು ಬದಲಾಗಲಿಲ್ಲ. ಜತ್ತ ತಾಲೂಕಿನ ಸೋನ್ಯಾಳದ ಮನೆಯೊಂದಕ್ಕೆ ಪುಣೆಯ ಮಗ ಮೈಕ್ರೋವೇವ್ ಓವನ್ ತಂದಿಟ್ಟ ದಿನ ಆ ದೃಷ್ಟಾಂತಕ್ಕೆ ಸೂತಕ ಬಂತು. ಈ ಪೆಟ್ಟಿಗೆಯಲ್ಲಿ ಬಿಸಿಯಿದ್ದಾಗ ಹೊಗೆಯಿಲ್ಲ. ಹೊಗೆ ಬಂದರೆ ಅದರಿಂದ ಅನುಮಾನಿಸಬೇಕಾದದ್ದು ಬೆಂಕಿಯನ್ನಲ್ಲ, ರಿಪೇರಿ ಖರ್ಚನ್ನು.

ಮೊದಲು ಕಾಲನಿರ್ಣಯ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ರಾಡಾರಿನ ಮ್ಯಾಗ್ನೆಟ್ರಾನ್ ಪಕ್ಕ ನಿಂತಿದ್ದಾಗ ಜೇಬಿನ ಮಿಠಾಯಿ ಕರಗಿತೆಂದು ಪ್ರತೀತಿ. 1947ರಲ್ಲಿ ಬಂದ ಮೊದಲ ‘ರೇಡಾರೇಂಜ್’ ಆಳೆತ್ತರವಿದ್ದು ಸುಮಾರು 340 ಕಿಲೋ ತೂಗುತ್ತಿತ್ತು. ಆಗ ಜತ್ತ ಇನ್ನೂ ಡಫಳೆ ಮನೆತನದ ಸಂಸ್ಥಾನ. ಅದು ವಿಲೀನವಾದದ್ದು 1948ರಲ್ಲಿ. ಕಟ್ಟೆಯ ಮೇಲೆ ಕೂಡುವಷ್ಟು ಚಿಕ್ಕ ಓವನ್ ಅಮೆರಿಕದ ಮನೆಗಳಿಗೆ ಬಂದದ್ದು 1967ರಲ್ಲಿ, ಅಂದರೆ ಕರ್ನಾಟಕ-ಮಹಾರಾಷ್ಟ್ರ ಗಡಿತಂಟೆಯ ಮಹಾಜನ ವರದಿ ಬಂದ ವರ್ಷವೇ. ಇದನ್ನು ಕಾಕತಾಳೀಯ ಎನ್ನುವವರು ಸಂಶೋಧನೆಗೆ ನಾಲಾಯಕರು. ಎರಡೂ ಗಡಿಭಾಗದಲ್ಲಿ ಇನ್ನೂ ನೆಟ್ಟಗೆ ಜಾರಿಯಾಗಿಲ್ಲವೆಂಬುದೇ ಅವುಗಳ ಸಂಬಂಧಕ್ಕೆ ಸಾಕ್ಷಿ.

ಇನ್ನು ರೋಗಲಕ್ಷಣ. ಮನೆಯ ಸೊಸೆಯ ಮಾತಿನಲ್ಲೇ ಮೂಲಪಾಠ ಹೀಗಿದೆ: “ದೀಪ ಹತ್ತತೈತಿ, ತಾಟ ತಿರಗತೈತಿ, ಪಲ್ಯಾ ಮಾತ್ರ ಇಟ್ಟಂಗ ತಣ್ಣಗ ಐತಿ.” ಇದರ ಮೇಲೆ ಮೂರು ಭಾಷ್ಯಗಳು ಹುಟ್ಟಿವೆ. ಕಾಕಾ ತಾಡನವಾದಿ, ಹಳೆಯ ರೇಡಿಯೋ, ಟಿವಿಗಳ ಪರಂಪರೆಯನ್ನು ಎತ್ತಿಹಿಡಿದು ಪೆಟ್ಟಿಗೆಯ ಎಡಪಕ್ಕಕ್ಕೆ ಎರಡು ಬಾರಿಸಬೇಕೆನ್ನುತ್ತಾರೆ. ಪುಣೆಯ ಮಗ ಪುನರ್ಜನ್ಮವಾದಿ, ಫೋನಿನಲ್ಲಿ ಅವನದು ಒಂದೇ ಮಂತ್ರ, “ಪ್ಲಗ್ ತಗದ್ ಹಾಕ್ರಿ.” ಆಯಿಯ ಮತದಲ್ಲಿ ಕಣ್ಣು ತಾಗಿದೆ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಬೇಕು. ಮೂರರಲ್ಲಿ ನ್ಯಾಯಶಾಸ್ತ್ರಕ್ಕೆ ಒಪ್ಪುವುದು ಕೊನೆಯದೊಂದೇ. ಅದರಿಂದ ಹೊಗೆಯಾದರೂ ಏಳುತ್ತದೆ.

ಸತ್ಯಶೋಧನೆಗೆ ಬೇಕಾದದ್ದು ಒಂದು ಲೀಟರ್ ನೀರು. ಅದನ್ನು ಗಾಜಿನ ಪಾತ್ರೆಯಲ್ಲಿಟ್ಟು ಪೂರ್ತಿ ಶಕ್ತಿಯಲ್ಲಿ ಒಂದು ನಿಮಿಷ ಓಡಿಸಿ, ಏರಿದ ಸೆಲ್ಸಿಯಸ್ ಡಿಗ್ರಿಯನ್ನು 70ರಿಂದ ಗುಣಿಸಿದರೆ ಓವನ್ನಿನ ವ್ಯಾಟ್ ಸಿಗುತ್ತದೆ; ಹತ್ತು ಡಿಗ್ರಿ ಏರಿದರೆ 700. ಲೆಕ್ಕ ಸುಲಭ, ನೀರು ದುರ್ಲಭ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ತಾಲೂಕಿನಲ್ಲಿ ಪ್ರಯೋಗಕ್ಕೆಂದು ಲೀಟರ್ ನೀರು ಕೇಳುವುದೆಂದರೆ ಅನುದಾನ ಕೇಳಿದಂತೆ. ಆ ನೀರನ್ನು ಆಮೇಲೆ ಚಹಾಕ್ಕೇ ಹಾಕಬೇಕೆಂಬ ಷರತ್ತಿನ ಮೇಲೆ ಅವ್ವ ಮಂಜೂರು ಮಾಡಿದರು. ಬೆಳಿಗ್ಗೆ ನೀರು ಚೆನ್ನಾಗಿಯೇ ಬಿಸಿಯಾಯಿತು. ಸಂಜೆ ಅದೇ ಪಾತ್ರೆ, ಅದೇ ನಿಮಿಷ. ಬೆರಳಿಗೆ ಏನೂ ತಿಳಿಯಲಿಲ್ಲ.

ಹೀಗಾಗಿ ವಿಚಾರಣೆ ಪೆಟ್ಟಿಗೆಯಿಂದ ಹೊರಗೆ, ತೋಟದ ಕಡೆಗೆ ಹೊರಳುತ್ತದೆ. ಗೋಡೆಯಿಂದ 230 ವೋಲ್ಟ್ ಬಂದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು ಸುಮಾರು ಎರಡು ಸಾವಿರಕ್ಕೆ ಏರಿಸುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಮತ್ತೆ ಇಮ್ಮಡಿಯ ಹತ್ತಿರ ಒಯ್ಯುತ್ತವೆ. ಆಗ ಮ್ಯಾಗ್ನೆಟ್ರಾನ್ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುವ ಅಲೆ ಹೊರಡಿಸಿ, ಪಲ್ಯದೊಳಗಿನ ನೀರಿನ ಅಣುಗಳನ್ನು ಎಳೆದಾಡುತ್ತದೆ. ದ್ರಾಕ್ಷಿ, ದಾಳಿಂಬೆಗೆ ನೀರು ಬಿಡುವ ಪಾಳಿ ಬಂದು ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ದೀಪಕ್ಕೂ ತಾಟು ತಿರುಗಿಸುವ ಪುಟ್ಟ ಮೋಟಾರಿಗೂ ಅಷ್ಟು ಸಾಕು. ಮ್ಯಾಗ್ನೆಟ್ರಾನಿಗೆ ಮಾತ್ರ ಒಂದು ಹೊಸ್ತಿಲಿದೆ. ಅದಕ್ಕಿಂತ ಕೆಳಗೆ ಅದು ಅಲೆ ಎಬ್ಬಿಸುವುದೇ ಇಲ್ಲ. ಸೊಸೆಯ ಮೂಲಪಾಠಕ್ಕೆ ಇದಕ್ಕಿಂತ ನಿಷ್ಠವಾದ ವ್ಯಾಖ್ಯಾನ ಈ ಲೇಖಕನಿಗೆ ಹೊಳೆದಿಲ್ಲ.

ಉಪರೋಗಗಳು ಎರಡು. ಬಾಗಿಲ ಕೊಕ್ಕೆಯ ತೂತಿನಲ್ಲಿ ರೊಟ್ಟಿಯ ಚೂರು ಸಿಕ್ಕಿಕೊಂಡರೆ ಒಳಗಿನ ಸ್ವಿಚ್ಚುಗಳು ಒತ್ತಲ್ಪಡದೆ ಯಂತ್ರ ಚಾಲೂ ಆಗುವುದಿಲ್ಲ. ಒಳಗೋಡೆಗೆ ಅಂಟಿದ ಕಂದು ಅಭ್ರಕದ ಹಾಳೆಗೆ ಎಣ್ಣೆಗಾಯಿಯ ಎಣ್ಣೆ ಸಿಡಿದು ಕರಿಯಾದರೆ ಚಟಚಟ ಕಿಡಿ ಏಳುತ್ತದೆ. ಆ ಹಾಳೆಯನ್ನು ಪ್ಯಾಕಿಂಗ್ ರಟ್ಟೆಂದು ಕಿತ್ತೆಸೆಯುವ ಒಂದು ಸಂಪ್ರದಾಯವೂ ಉಂಟು; ಖಂಡನೀಯ.

ಇಷ್ಟಾದ ಮೇಲೂ ಕಾಕಾ ಸ್ಕ್ರೂಡ್ರೈವರ್ ಹಿಡಿದು ಬಂದರೆ ಅವರನ್ನು ತಡೆಯಬೇಕು. ಇದೊಂದು ಮಾತಿನಲ್ಲಿ ಅಣಕಿಲ್ಲ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್ ವಿದ್ಯುತ್ತು ಹಿಡಿದುಕೊಂಡೇ ಇರಬಹುದು. ಅದು ಜೀವ ತೆಗೆಯುವಷ್ಟು ಇರುತ್ತದೆ. ಹೊರಕವಚದ ಸ್ಕ್ರೂ ಬಿಚ್ಚುವ ಹಕ್ಕು ಕಲಿತ ಮೆಕ್ಯಾನಿಕ್‌ನದು ಮಾತ್ರ.

ಸಿದ್ಧಾಂತ: ಓವನ್ ಕೆಟ್ಟಿಲ್ಲ, ಮೋಟಾರಿನ ಪಾಳಿ ಮುಗಿದ ಮೇಲೆ ಪಲ್ಯ ಬಿಸಿ ಮಾಡತಕ್ಕದ್ದು. ಇದನ್ನು ಮನೆಯ ಸಭೆಯಲ್ಲಿ ಮಂಡಿಸಿದಾಗ ಆಯಿ ಎತ್ತಿದ ಆಕ್ಷೇಪ ಈವರೆಗಿನ ಯಾವ ಭಾಷ್ಯದಲ್ಲೂ ಬಂದಿಲ್ಲ. ಬೆಕ್ಕು, ಇಲಿ, ಇರುವೆ ಯಾವುದೂ ಹೊಗದ ಆ ಪೆಟ್ಟಿಗೆಯಲ್ಲಿ ಹಬ್ಬದಿಂದೀಚೆ ಕಡಕ್ ರೊಟ್ಟಿಯ ಅಡಕಲು ಕೂತಿದೆ. ಒಣರೊಟ್ಟಿಯಲ್ಲಿ ಅಲೆಗೆ ಸಿಗುವಷ್ಟು ನೀರಿಲ್ಲ. ಅದನ್ನಿಟ್ಟು ಓಡಿಸಿದರೆ ಬರಿದೇ ಓಡಿಸಿದಂತೆ, ಅಲೆಯೆಲ್ಲ ಮ್ಯಾಗ್ನೆಟ್ರಾನಿಗೇ ಮರಳಿ ಬಡಿಯುತ್ತದೆ ಎಂದು ವಿವರಿಸಲಾಯಿತು. ಆಯಿ ಪೂರ್ತಿ ಕೇಳಿಸಿಕೊಂಡರು.

“ಅದೆಲ್ಲಾ ಖರೇ ಐತಿ. ಪಲ್ಯಾ ಕಾಸಾಕ ರೊಟ್ಟಿ ಹೊರಗ ತಗದ್ರ, ರೊಟ್ಟಿ ಎಲ್ಲಿಡೂದು?”

ಪ್ರಶ್ನೆಯನ್ನು ಪುಣೆಗೆ ಕಳಿಸಲಾಗಿದೆ. ಪ್ಲಗ್ ತೆಗೆದು ಹಾಕಿ ನೋಡಲು ಹೇಳಿದ್ದಾನೆ.