ಆರರ ಮಗ್ಗಿ

ಅಡುಗೆ ಪುಸ್ತಕದ ಪುಟದ ತಲೆಯ ಮೇಲೆ ಸಣ್ಣಕ್ಷರದಲ್ಲಿ "ಆರು ಜನಕ್ಕೆ" ಎಂದಿರುತ್ತದಲ್ಲ, ಆ ಆರು ಜನ ಯಾರು ಅಂತ ನನಗೆ ಬಹಳ ಕಾಲದ ಕುತೂಹಲ. ಕ್ಯಾಲಿಫೋರ್ನಿಯಾದ ನಮ್ಮ ಮನೆಗಂತೂ ಅವರು ಬಂದದ್ದಿಲ್ಲ. ಬಂದರೆ ಇಬ್ಬರು, ಅದೂ ಹೇಳದೆ ಕೇಳದೆ. ಕರೆದರೆ ನಲವತ್ತು. ಕನ್ನಡ ಕೂಟದ ಒಂದು ಮನೆಯವರನ್ನು ಕರೆದು ಇನ್ನೊಂದು ಮನೆಯವರನ್ನು ಬಿಟ್ಟರೆ ಮುಂದಿನ ಯುಗಾದಿಯ ಹೋಳಿಗೆಯವರೆಗೂ ಮುಖ ದಪ್ಪಗೇ ಇರುತ್ತದೆ. ತೊಂದರೆಯೆಂದರೆ ಆರರ ಮಗ್ಗಿಯಲ್ಲಿ ನಲವತ್ತು ಬರುವುದೇ ಇಲ್ಲ. ಆರಾರ್ಲೆ ಮೂವತ್ತಾರು ಅಂದರೆ ನಾಲ್ವರು ಉಪವಾಸ. ಆರೇಳ್ಲೆ ನಲವತ್ತೆರಡು ಅಂದರೆ ಇಬ್ಬರ ಪಾಲು ಫ್ರಿಜ್ಜಿಗೆ.

ಮಗಳ ಹೈಸ್ಕೂಲು ಮುಗಿದ ಸಂತೋಷಕ್ಕೆ ಊಟ ಹಾಕಬೇಕಿತ್ತು. "ಬಿಸಿಬೇಳೆಬಾತ್ ಬೇಡಮ್ಮ, ಪ್ರತಿಸಲ ಅದೇ. ಎಂಚಿಲಾಡ ಮಾಡು" ಎಂದಳು. ಸಾಫ್ಟ್‌ವೇರಿನಲ್ಲೇ ತಲೆ ನೆರೆತ ನಮ್ಮವರು ಕೂಡಲೇ ಲ್ಯಾಪ್‌ಟಾಪ್ ತೆಗೆದು ಮೆಕ್ಸಿಕನ್ ಅಡುಗೆ ಪುಸ್ತಕದಲ್ಲಿದ್ದುದನ್ನೆಲ್ಲ ಏಳರಿಂದ ಗುಣಿಸಿ ಇಟ್ಟರು. ಎಲ್ಲವನ್ನೂ ಎಂದರೆ ಎಲ್ಲವನ್ನೂ. ಓವನ್ನಿನಲ್ಲಿ 25 ನಿಮಿಷ ಇಡಬೇಕೆಂದಿದ್ದದ್ದು 175 ನಿಮಿಷವಾಗಿತ್ತು. ಮೈಸೂರಿನಿಂದ ಬಂದಿದ್ದ ಅತ್ತೆಯವರು ಕನ್ನಡಕ ಏರಿಸಿಕೊಂಡು ಪರದೆ ನೋಡಿ, "ಮೂರು ಗಂಟೆ ಬೇಯಿಸಿದರೆ ಹಲ್ಲು ತಿಕ್ಕೋಕೆ ಆಗತ್ತೆ ಕಣೋ, ಊಟಕ್ಕಲ್ಲ" ಎಂದರು.

ಸಾವಿರ ಎಲೆಯ ಮದುವೆಗೆ ಸಾರು ಕಾಯಿಸುವ ಭಟ್ಟರಿಗೆ ಗೊತ್ತಿರುವುದು ಈ ಕೋಷ್ಟಕಕ್ಕೆ ಗೊತ್ತಿರಲಿಲ್ಲ. ಟೊಮೇಟೊ ಹಾಕಿ ಕೆಂಪಗೆ ಮಾಡುವ ಮೆಕ್ಸಿಕನ್ ಅನ್ನವನ್ನೇ ನೋಡಿ. ಅಕ್ಕಿ ಏಳು ಪಟ್ಟಾದರೆ ನೀರು ಏಳು ಪಟ್ಟಾಗಬಾರದು. ಅಕ್ಕಿ ಕುಡಿಯುವ ನೀರು ಅಕ್ಕಿಯ ಜೊತೆ ಹೆಚ್ಚುತ್ತದೆ, ಸರಿ; ಆದರೆ ಆವಿಯಾಗಿ ಹೋಗುವ ನೀರು ಪಾತ್ರೆಯ ಬಾಯಿಗೆ ಸೇರಿದ್ದು, ಆ ಬಾಯಿ ಏಳು ಪಟ್ಟು ಅಗಲವಾಗಿರುವುದಿಲ್ಲ. ಲೆಕ್ಕದ ಪ್ರಕಾರ ಸುರಿದರೆ ಅನ್ನ ಹೋಗಿ ಗಂಜಿಯಾಗುತ್ತದೆ. ಉಪ್ಪು, ಮೆಣಸಿನಕಾಯಿಯನ್ನೂ ಮೊದಲು ಮುಕ್ಕಾಲು ಪಾಲು ಹಾಕಿ ರುಚಿ ನೋಡಿ ಮುಂದುವರಿಯಬೇಕು. ಒಂದು ಹಲಪೀನೊ ಸೌತೆಕಾಯಿಯಷ್ಟು ಸಾಧುವಾಗಿದ್ದರೆ ಅದರ ಪಕ್ಕದ್ದು ಕಣ್ಣಲ್ಲಿ ನೀರು ತರಿಸುತ್ತದೆ. ಲೆಕ್ಕಕ್ಕೆ ನಿಯತ್ತಾಗಿ ಬಗ್ಗುವುದು ಕರಿ ಬೀನ್ಸ್ ಕಾಳು ಮಾತ್ರ. ಅರ್ಧ ಕಿಲೋಗೆ ತುಸು ಕಡಿಮೆ ಕಾಳು ಬೆಂದರೆ ಆರು ಕಪ್ಪು, ತಲೆಗೆ ಅರ್ಧ ಕಪ್ಪು ಹಿಡಿದರೆ ನಲವತ್ತು ಜನಕ್ಕೆ ಒಂದೂವರೆ ಕಿಲೋ. ಅತ್ತೆಯವರು ಅದನ್ನು ಪಾವು, ಸೇರಿಗೆ ತಿರುಗಿಸಿ ನೋಡಿದ ಮೇಲೇ ಒಪ್ಪಿದ್ದು.

ನಿಜವಾದ ಪೇಚು ಎಂಚಿಲಾಡದ್ದು. ಟೋರ್ಟಿಯಾ ರೊಟ್ಟಿಯನ್ನು ಒಂದೊಂದಾಗಿ ಎಣ್ಣೆಯಲ್ಲಿ ಆಡಿಸಿ, ಮೆಣಸಿನಕಾಯಿ ಗೊಜ್ಜಿನಲ್ಲಿ ಅದ್ದಿ, ಹೂರಣ ಇಟ್ಟು ಸುತ್ತಬೇಕು. ತಲೆಗೆ ಮೂರರಂತೆ ನೂರಿಪ್ಪತ್ತು. ಒಂದಕ್ಕೆ ಅರ್ಧ ನಿಮಿಷವೆಂದರೂ ಒಂದು ಗಂಟೆ ಒಲೆ ಬಿಟ್ಟು ಅಲುಗುವಂತಿಲ್ಲ. ಮುಂಚೆಯೇ ಮಾಡಿಡೋಣವೆಂದರೆ ಗೊಜ್ಜು ಹೀರಿ ಮುದ್ದೆಯಾಗುತ್ತದೆ. ನಲವತ್ತು ಜನಕ್ಕೆ ಬಿಸಿ ಬಿಸಿ ದೋಸೆ ಹುಯ್ಯುತ್ತೇನೆಂದು ಹೊರಟವಳ ಸ್ಥಿತಿ ನೆನೆಸಿಕೊಳ್ಳಿ: ಕೊನೆಯವನಿಗೆ ದೋಸೆ ಬೀಳುವ ಹೊತ್ತಿಗೆ ಮೊದಲನೆಯವನಿಗೆ ಮತ್ತೆ ಹಸಿವಾಗಿರುತ್ತದೆ, ಹುಯ್ದವಳ ಮುಖ ಮಾತ್ರ ಯಾರೂ ನೋಡಿರುವುದಿಲ್ಲ.

ದಾರಿ ತೋರಿಸಿದ್ದು ಪಕ್ಕದ ಮನೆಯ ಅಜ್ಜಿ. ಮಿಚೊವಾಕಾನ್ ಕಡೆಯವರು. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಾದರಿಯೆಂದು ಹೆಸರಿಸಿದ್ದು ಇವರ ಸೀಮೆಯನ್ನೇ. ಊರಿಗೆ ಊರೇ ಕೂಡಿ ಮಾಡುವ ಅಡುಗೆ ಅದು. ವಾಸ್ತೆಕಾ ಪ್ರದೇಶದಲ್ಲಿ ಸಕಾವಿಲ್ ಎಂದು ಆಳುದ್ದದ ತಮಾಲೆ ಕಡುಬನ್ನು ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿ, ಹಬ್ಬಕ್ಕೆ ಬಂದವರಿಗೆಲ್ಲ ಅದರಿಂದಲೇ ಬಡಿಸುತ್ತಾರೆ. ಅಂಥದ್ದನ್ನು ಕತ್ತರಿಸಿ ಕತ್ತರಿಸಿ "ಆರು ಜನಕ್ಕೆ" ಇಳಿಸಿದವರು ಪುಸ್ತಕ ಬರೆದವರು. ನಾವು ಮತ್ತೆ ಕೂತು ಅದನ್ನೇ ಹಿಗ್ಗಿಸುವುದು! ಅಜ್ಜಿ ಎಂಚಿಲಾಡವನ್ನು ಕೈಬೀಸಿ ತಳ್ಳಿಹಾಕಿ, "ತಮಾಲೆ" ಎಂದರು.

ತಮಾಲೆಯಲ್ಲೇನು ಕೈಕೆಲಸ ಕಡಿಮೆಯೇ? ಇನ್ನೂ ಹೆಚ್ಚು. ಆದರೆ ಅದು ಹಿಂದಿನ ದಿನದ ಕೆಲಸ, ಊಟದ ಹೊತ್ತಿನದಲ್ಲ. ಮೇಲಾಗಿ ಅದನ್ನು ಮನೆಯೊಡತಿ ಒಬ್ಬಳೇ ಮಾಡುವ ಪದ್ಧತಿಯೇ ಇಲ್ಲ. ಉಣ್ಣುವವರನ್ನೇ ಕೂರಿಸಿ ಸುತ್ತಿಸುತ್ತಾರೆ. ಜನ ಹೆಚ್ಚಿದಷ್ಟೂ ಕೈ ಹೆಚ್ಚು. ಜನವರಿ 6ರ ಹಬ್ಬದ ಬ್ರೆಡ್ಡಿನೊಳಗೆ ಒಂದು ಪುಟ್ಟ ಬೊಂಬೆ ಅಡಗಿಸಿಟ್ಟಿರುತ್ತಾರಂತೆ. ಅದು ಯಾರ ತುಂಡಿಗೆ ಬರುತ್ತದೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ ಹಾಕಿಸಬೇಕು. ಬೊಂಬೆಯನ್ನು ಸದ್ದಿಲ್ಲದೆ ನುಂಗಿ ಪಾರಾಗುವವರೂ ಇದ್ದಾರೆಂದು ಅಜ್ಜಿಯ ಮೊಮ್ಮಗ ಪಿಸುಗುಟ್ಟಿದ.

ಶುಕ್ರವಾರ ಸಂಜೆ ನಮ್ಮ ಊಟದ ಮೇಜಿಗೆ ಹಳೇ ಸೀರೆ ಹಾಸಿಯಾಯಿತು. ಹಿಟ್ಟು ಮುಸುಕಿನ ಜೋಳದ್ದು, ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿದ್ದು. "ವೀಳ್ಯದೆಲೆಗೆ ಹಚ್ಚೋ ಸುಣ್ಣವೇ?" ಎಂದು ಅತ್ತೆಯವರು ಕೇಳಿದರು. ಅದೇ ಎಂದ ಮೇಲೆ ಅವರಿಗೆ ಮೆಕ್ಸಿಕೋ ಬಗ್ಗೆ ಗೌರವ ಬಂತು. ಹಂದಿಯ ಕೊಬ್ಬಿನ ಬದಲು ಬೆಣ್ಣೆ ಹಾಕೋಣವೇ ಎಂದಾಗ ಅಜ್ಜಿ ಒಂದು ಕ್ಷಣ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಆಮೇಲೆ ತೋಳು ಮಡಿಸಿ ನಾದಲು ನಿಂತರು. ಹಿಟ್ಟಿನ ಒಂದು ಚೂರನ್ನು ಲೋಟದ ನೀರಿಗೆ ಬಿಟ್ಟರು, ಮುಳುಗಿತು. ಇನ್ನೂ ನಾದಿದರು, ಅರ್ಧಕ್ಕೆ ಇಳಿದು ನಿಂತಿತು. ಮೂರನೆಯದು ತೇಲಿದ ಮೇಲೇ ನಮ್ಮನ್ನು ಕೆಲಸಕ್ಕೆ ಹಚ್ಚಿದರು. ತೆನೆಯ ಒಣಸಿಪ್ಪೆಗೆ ಹಿಟ್ಟು ಸವರಿ, ಸುಟ್ಟು ಸೀಳಿದ ಪೊಬ್ಲಾನೊ ಮೆಣಸಿನಕಾಯಿ, ಚೀಸು ಇಟ್ಟು ಮಡಿಸುವುದು. ಕೂಟದ ಹೆಂಗಸರು ಕೂತ ಹತ್ತೇ ನಿಮಿಷದಲ್ಲಿ ಯಾರ ಮಗನಿಗೆ ಯಾವ ಕಾಲೇಜು ಎನ್ನುವುದಕ್ಕೆ ಇಳಿದರು. ಪಕ್ಕದಲ್ಲಿ ತಮಾಲೆಯ ರಾಶಿ ತಾನೇ ತಾನಾಗಿ ಏರುತ್ತಿತ್ತು.

ಹಬೆಯ ಪಾತ್ರೆಗೆ ಅಜ್ಜಿ ನೀರಿನ ಜೊತೆ ಒಂದು ನಾಣ್ಯ ಹಾಕಿದರು. ನೀರಿರುವವರೆಗೆ ಅದು ಕುದಿಗೆ ಕಟಕಟ ಅನ್ನುತ್ತದೆ, ನಿಂತರೆ ನೀರು ಮುಗಿದ ಹಾಗೆ. ಅತ್ತೆಯವರು ಪಾತ್ರೆಗೆ ಕಿವಿಗೊಟ್ಟು ನಕ್ಕರು: "ನಮ್ಮಮ್ಮ ಇಡ್ಲಿ ಪಾತ್ರೆಗೆ ಕಾಲಾಣೆ ಹಾಕ್ತಿದ್ದಳು."

ಬೆಣ್ಣೆಹಣ್ಣಿನ ವಿಷಯ ಹೆಚ್ಚು ಹೇಳಲಾರೆ. ಶನಿವಾರಕ್ಕೆ ಬೇಕೆಂದು ತಂದ ಪೆಟ್ಟಿಗೆಯಲ್ಲಿ ಅರ್ಧ ಗುರುವಾರ ಹಣ್ಣಾಗಿತ್ತು, ಉಳಿದರ್ಧ ಸೋಮವಾರದವರೆಗೂ ಕಲ್ಲು.

ಶನಿವಾರ ನಲವತ್ತೆಂದವರು ಐವತ್ತಾದರು. ಅತಿಥಿಗಳ ಮನೆಯಲ್ಲೂ ಊರಿನ ಅಪ್ಪ-ಅಮ್ಮಂದಿರು ಬಂದಿರುತ್ತಾರಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಅವರು ಬೀನ್ಸ್ ಪಾತ್ರೆ ತೋರಿಸಿ ಸ್ಪ್ಯಾನಿಷಿನಲ್ಲಿ ಏನೋ ಅಂದರು. "ಕಾಳಿಗೆ ಇನ್ನಷ್ಟು ನೀರು ಹಾಕು" — ಜನ ಜಾಸ್ತಿಯಾದಾಗ ಮೆಕ್ಸಿಕೋದ ಮನೆಮನೆಯಲ್ಲೂ ಆಡುವ ಮಾತಂತೆ. ಮಗಳು ಅನುವಾದಿಸುವ ಮೊದಲೇ ಅತ್ತೆಯವರು ಬಿಸಿನೀರಿನ ಪಾತ್ರೆ ಎತ್ತಿಕೊಂಡಾಗಿತ್ತು.

ಮಗಳ ಸಮಾಧಾನಕ್ಕೆಂದು ತಂದಿದ್ದ ಟೋರ್ಟಿಯಾ ಬೇಕಾದಷ್ಟು ಉಳಿಯಿತು. ಹಳತಾದ ಟೋರ್ಟಿಯಾವನ್ನು ಹರಿದು ಹುರಿದು ಗೊಜ್ಜಿನಲ್ಲಿ ಕುದಿಸಿದರೆ ಚಿಲಾಕಿಲೆಸ್, ಅವರ ಬೆಳಗಿನ ತಿಂಡಿ. ಭಾನುವಾರ ಅತ್ತೆಯವರು ಅದಕ್ಕೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರು. ಪಾತ್ರೆ ವಾಪಸು ಒಯ್ಯಲು ಬಂದ ಅಜ್ಜಿ ಅಡುಗೆಮನೆಯಲ್ಲಿ ನಿಂತೇ ಎರಡು ತಟ್ಟೆ ತಿಂದರು. ಕರಿಬೇವನ್ನು ಮಾತ್ರ ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟರು.