ಧರೆಗೆ ಓದು ಬರಲ್ಲ

ಕೊಟ್ಟಿಗೆಹಾರ. ಆಷಾಢದ ಮಳೆ. ನೀರುದೋಸೆ ಮುಗಿಸಿದ ಬೆಂಗಳೂರಿನ ಯುವಕನನ್ನು ಹೋಟೆಲಿನ ಯಜಮಾನರು ಗಲ್ಲಾದಿಂದಲೇ ವಿಚಾರಿಸಿದರು.

“ಎಲ್ಲಿಗೆ ಮಾರಾಯ್ರೆ?”

“ಚಾರ್ಮಾಡಿ ಘಾಟಿಗೆ ಸಾರ್. ರಸ್ತೆ ಪಕ್ಕದ ಫಾಲ್ಸ್ ಕೆಳಗೆ ಒಂದು ರೀಲ್ಸ್.”

“ಅದೆಂಥ ಫಾಲ್ಸ್! ಮೊನ್ನೆ ಧರೆಯೊಳಗಿಂದ ಎದ್ದ ಜಲ ಅದು. ನೀರು ಕೆಂಪಾದರೆ ಒಳಗೆ ಮಣ್ಣು ಸಡಿಲ ಆಗ್ತಿದೆ ಅಂತ.”

“ಕೆಂಪು ಕ್ಯಾಮೆರಾಗೆ ಚೆನ್ನಾಗಿ ಬರುತ್ತೆ. ಅಲ್ಲಿ ಎಚ್ಚರಿಕೆ ಬೋರ್ಡ್ ಇಲ್ವಾ?”

“ಇದೆಯಲ್ಲ, ‘ವಾಹನ ನಿಲ್ಲಿಸಬೇಡಿ’ ಅಂತ. ಎಲ್ಲರೂ ಕಾರು ನಿಲ್ಲಿಸಿ, ಇಳಿದು ಓದ್ತಾರೆ.”

(ಆ ಬೋರ್ಡಿನ ಕಂಬದ ಬುಡದ ಮಣ್ಣೂ ಅರ್ಧ ಹೋಗಿದೆ.)

“ಇಷ್ಟು ದೊಡ್ಡ ಗುಡ್ಡ ಜರಿಯುತ್ತಾ ಸಾರ್?”

“2019ರ ಆಗಸ್ಟ್ ನೆನಪಿಲ್ವಾ? ಇದೇ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಮನೆ, ತೋಟ ಎಲ್ಲ ಹೋಯ್ತು. ಘಾಟಿಯೂ ಬಂದ್. 2024ರ ಜುಲೈ 16ಕ್ಕೆ ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಚಾ ಅಂಗಡಿಯೇ ಮಣ್ಣಿನ ಜೊತೆ ಹೋಯ್ತು. ಅವರೂ ನನ್ನ ಹಾಗೇ ಗಲ್ಲಾದಲ್ಲಿ ಕೂತವರು.”

ಒಂದು ಕ್ಷಣ ಇಬ್ಬರೂ ಮಳೆ ನೋಡಿದರು.

“ಯಾಕೆ ಹೀಗಾಗುತ್ತೆ?”

“ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದರೆ? ಮೇಲೆ ನೀರು ಕುಡಿದ ಭಾರ, ಕೆಳಗೆ ಕಾಲೇ ಇಲ್ಲ.”

“ಸರಿ ಸಾರ್, ಘಾಟಿ ಬೇಡ. ಬುಕ್ ಮಾಡಿದ ಹೋಂಸ್ಟೇಯಲ್ಲೇ ಇರ್ತೀನಿ. ಹೊಸದಂತೆ, ಗುಡ್ಡ ಕಡಿದು ಕಟ್ಟಿದ್ದು. ಬಾಲ್ಕನಿ ಕೆಳಗೇ ಕಣಿವೆ!”

ಯಜಮಾನರು ಚಿಲ್ಲರೆ ಎಣಿಸತೊಡಗಿದರು.

“ಅದು ಗಟ್ಟಿ ಇದೆ ಬಿಡಿ.”

“ನಿಮಗೆ ಹೇಗೆ ಗೊತ್ತು?”

“ನಮ್ದೇ. ಅಡ್ವಾನ್ಸ್ ವಾಪಸ್ ಕೊಡಲ್ಲ.”